ಎಲೆ ತಗೊಳವ್ವಾ ಮೊದ್ಲು

ಅಕ್ಕನ ಮಗಳು ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಂದಿಳಿದಾಗಲೇ ಫೋನಿನಲ್ಲಿ ಪಟ್ಟಿ ಸಿದ್ಧವಾಗಿತ್ತು. ಬೆಳಿಗ್ಗೆ ಮೈಲಾರಿ ದೋಸೆ, ಆಮೇಲೆ ಹನುಮಂತು ಪಲಾವ್, ದೇವರಾಜ ಮಾರ್ಕೆಟ್ಟು, ಗುರು ಸ್ವೀಟ್ಸು, ಸಂಜೆಗೆ ಇನ್ನೇನೇನೋ. “ಚಿಕ್ಕಮ್ಮ, ಇಷ್ಟು ವರ್ಷದಿಂದ ಮೈಸೂರಲ್ಲೇ ಇದ್ದೀಯ, ಇದರಲ್ಲಿ ಎಲ್ಲೆಲ್ಲಿಗೆ ಹೋಗ್ತಿರ್ತೀಯ?” ಎಂದು ಕೇಳಿದಳು. ಬೇಳೆ ಬೆಲ್ಲಕ್ಕೆ ಸಂತೇಪೇಟೆಗೆ ಹೋಗ್ತೀನಿ ಅಂದೆ. ಸಂತೇಪೇಟೆ ಪಟ್ಟಿಯಲ್ಲಿ ಇರಲಿಲ್ಲ.

ನಜರ್‌ಬಾದಿನ ಒಂದೇ ರಸ್ತೆಯಲ್ಲಿ ಮೈಲಾರಿ ಎನ್ನುವ ಬೋರ್ಡು ಎರಡು ಕಡೆ ಇದೆ. ಯಾವುದು ಮೊದಲಿನದು, ಯಾವುದರಲ್ಲಿ ರುಚಿ ಎನ್ನುವುದು ನಮ್ಮ ಮನೆಯಲ್ಲೇ ತೀರ್ಮಾನವಾಗದ ಜಗಳ. ನನ್ನ ಗಂಡ ಒಂದು ಕಡೆ, ಮೈದುನ ಇನ್ನೊಂದು ಕಡೆ. ನನ್ನನ್ನು ಕೇಳಿದರೆ ಜನ ಕಡಿಮೆ ಇರುವುದೇ ಒಳ್ಳೆಯದು. ಬಾಳೆಲೆಯ ಮೇಲೆ ಮೆತ್ತನೆಯ ದೋಸೆ, ಅದರ ಮೇಲೆ ಬೆಣ್ಣೆ, ಪಕ್ಕಕ್ಕೆ ಕಾಯಿ ಚಟ್ನಿ. ಗರಿಗರಿ ಬೇಕೆನ್ನುವವರು ಬೇರೆ ಊರು ನೋಡಿಕೊಳ್ಳಲಿ. ಹುಡುಗಿ ಮೇಲಿನಿಂದ, ಪಕ್ಕದಿಂದ, ಬೆಣ್ಣೆ ಕರಗುವುದರ ವಿಡಿಯೋ ಬೇರೆ, ಎಲ್ಲಾ ತೆಗೆದುಕೊಂಡು ಮುಗಿಸುವಷ್ಟರಲ್ಲಿ ದೋಸೆ ಆರಿತ್ತು. ಆದರೂ ಎರಡು ಸೆಟ್ಟು ತಿಂದಳು, ಅದಕ್ಕೆ ಕೊರತೆ ಮಾಡಲಿಲ್ಲ. ಮಂಡಿ ಮೊಹಲ್ಲಾದ ಪಲಾವಿಗೆ ಹೊಟ್ಟೆಯಲ್ಲಿ ಜಾಗ ಉಳಿಯದೆ ಪಾರ್ಸೆಲ್ ಕಟ್ಟಿಸಿದ್ದಾಯಿತು.

ಮಾರ್ಕೆಟ್ಟಿಗೆ ಚಿಕ್ಕಗಡಿಯಾರದ ಕಡೆಯಿಂದ ನುಗ್ಗಿದೆವು. ಆಷಾಢ ನೋಡಿ, ಮದುವೆ ಮುಂಜಿ ಏನೂ ಇಲ್ಲ. ಹಿಂದಿನ ದಿನ ಆಷಾಢ ಶುಕ್ರವಾರದ ಬೆಟ್ಟದ ಜನಕ್ಕೆ ಹೂ ಮಾರಿ ದಣಿದವರು ಶನಿವಾರ ಬುಟ್ಟಿಗೆ ಒರಗಿಕೊಂಡು ಮಾತಾಡುತ್ತಿದ್ದರು. ಬಣ್ಣದ ಕುಂಕುಮವನ್ನು ಗೋಪುರ ಮಾಡಿಟ್ಟ ಸಾಲಿನಲ್ಲಿ ಮಾತ್ರ ಜನವೋ ಜನ. ಅತ್ತರಿನ ಹುಡುಗನೊಬ್ಬ ನಮ್ಮಿಬ್ಬರನ್ನೂ ಹಿಂದಿಯಲ್ಲಿ ಕರೆದ, ನಾನು ಮುಖ ಗಂಟಿಕ್ಕಿದ ತಕ್ಷಣ “ಬನ್ನಿ ಮೇಡಂ, ಶ್ರೀಗಂಧ ಇದೆ, ಮಲ್ಲಿಗೆ ಇದೆ” ಎಂದು ಕನ್ನಡಕ್ಕೆ ತಿರುಗಿದ. ಅವನ ಚುರುಕು ನನಗೆ ಹಿಡಿಸಿತು.

ಮುಂದೆ ವೀಳ್ಯದೆಲೆ ಸಾಲು. ಗೋಣಿತಾಟಿನ ಮೇಲೆ ಎಲೆ ಜೋಡಿಸಿಕೊಂಡು, ಮೇಲೆ ನೀರು ಚಿಮುಕಿಸುತ್ತ ಒಬ್ಬ ಅಜ್ಜಿ ಕೂತಿದ್ದರು. ಎರಡೂ ಕಡೆ ಮೂಗುಬೊಟ್ಟು, ಬಾಯಿ ತುಂಬ ತಾಂಬೂಲ. ಹುಡುಗಿ ಫೋನ್ ಎತ್ತಿದಳು.

“ಎಲೆ ತಗೊಳವ್ವಾ ಮೊದ್ಲು.”

“ಒಂದೇ ಒಂದು ಫೋಟೋ ಅಜ್ಜಿ.”

“ಎಲ್ಲಾರೂ ನನ್ ಮೊಕ ತಗೊಂಡೋಯ್ತರೆ, ಎಲೆ ಒಬ್ರೂ ತಗೊಂಡೋಗಾಕಿಲ್ಲ.”

ಹುಡುಗಿ ಪೆಚ್ಚಾಗಿ ಪರ್ಸಿನಿಂದ 50 ರೂಪಾಯಿ ನೋಟು ತೆಗೆದು ಚಾಚಿದಳು. ಅಜ್ಜಿ ಅದನ್ನು ಮುಟ್ಟಲಿಲ್ಲ. “ಯಾಕೆ, ತಿರ್ಪೆ ಎತ್ತಕ್ಕೆ ಕೂತಿವ್ನಾ? ಎಲೆ ತಗೊಂಡು ಕೊಡು.”

“ನಮ್ಮನೇಲಿ ಯಾರೂ ಎಲೆ ಹಾಕಲ್ಲ ಅಜ್ಜಿ.”

“ಹಬ್ಬ ಮಾಡಾಕಿಲ್ವಾ? ದೇವ್ರಿಲ್ವಾ ನಿಮ್ಮನೇಲಿ?”

ಇನ್ನು ಮಾತು ಬೆಳೆಯುವುದು ಬೇಡವೆಂದು ನಾನೇ ಬಗ್ಗಿ ಒಂದು ಕಟ್ಟು ಕೊಡಿ ಅಂದೆ. ಅಜ್ಜಿ ಎಣಿಸಿ, ಬಾಳೆನಾರಿನಲ್ಲಿ ಕಟ್ಟಿ, ಮೇಲೆ ಎರಡೆಲೆ ಕೊಸರು ಹಾಕಿ ಕೊಟ್ಟರು. ಆಮೇಲೆ ಸೆರಗಿನಿಂದ ಮುಖ ಒರೆಸಿ, ಕೂದಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. “ಈಗ ತಗೋ ನಿನ್ ಪೋಟೋವ.”

ಹುಡುಗಿ ತೆಗೆದಳು. ಹತ್ತು ಹೆಜ್ಜೆ ಬಂದ ಮೇಲೆ ಫೋನ್ ನೋಡಿಕೊಂಡು, “ಛೆ, ಪೋಸ್ ಕೊಟ್ಟುಬಿಟ್ರು ಚಿಕ್ಕಮ್ಮ, ನ್ಯಾಚುರಲ್ ಆಗಿ ಬಂದಿಲ್ಲ” ಎಂದಳು. ಅಳಿಸಿಯೂಬಿಟ್ಟಳು.

ಇವತ್ತು ಗುರುವಾರ. ಆ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡದ್ದು ಕಣ್ಣಿಂದ ಹೋಗುತ್ತಿಲ್ಲ. ಮೊದಲ ಮಾತಿನಲ್ಲಿ ಸಿಟ್ಟಿತ್ತು ಅಂದುಕೊಂಡಿದ್ದೆ. ಮತ್ತೆ ಮತ್ತೆ ನೆನೆದರೆ ಸಿಟ್ಟಲ್ಲ, ಅದು ವ್ಯಾಪಾರದ ಮಾತು. ಇಲ್ಲಿ ಒಂದು ಪದ್ಧತಿ ಇದೆ, ಮೊದಲು ಎಲೆ, ಆಮೇಲೆ ಬೇರೆಯದು, ಅಷ್ಟೇ. ಎಲೆ ಕೊಂಡ ಮೇಲೆ ತಾವಾಗಿಯೇ ಸಿದ್ಧವಾಗಿ ಕೂತರಲ್ಲ. ಫೋಟೋ ಅಂದರೆ ಅವರಿಗೆ ಕ್ಯಾಮೆರಾ ನೋಡಿ ಕೂರುವುದು. ಈ ಹುಡುಗಿಗೆ ಬೇಕಾದದ್ದು ಕ್ಯಾಮೆರಾ ನೋಡದ ಅಜ್ಜಿ, ತನಗೆ ಗೊತ್ತಿಲ್ಲದೆ ಸಿಕ್ಕಿಬೀಳುವ ಅಜ್ಜಿ. ನನ್ನ ಅಕ್ಕನ ಮಗಳು ಕೆಟ್ಟವಳಲ್ಲ, ತಂದೆ ತಾಯಿಯ ಮನೆಸಾಲ ತೀರಿಸುತ್ತಿರುವವಳು. ಆದರೆ ಆ “ನ್ಯಾಚುರಲ್” ಮಾತಿಗೆ ಅವತ್ತೇ ಬೈಯಬೇಕೆನ್ನಿಸಿತ್ತು.

ಈ ಮಾರುಕಟ್ಟೆಯ ಬಗ್ಗೆ ಮೈಸೂರಿನವರಾದ ನಾವು ಆಡದ ಮಾತಿಲ್ಲ. 2012ರ ಆಗಸ್ಟಿನಲ್ಲಿ ಎದುರಿಗಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, ಅದೇ ಆಗಸ್ಟಿನಲ್ಲಿ, ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಆಗಿನಿಂದ ಕೆಡವಿ ಹೊಸದು ಕಟ್ಟಬೇಕು ಎನ್ನುವವರು, ಪಾರಂಪರಿಕ ಕಟ್ಟಡ, ದುರಸ್ತಿ ಮಾಡಿ ಉಳಿಸಬೇಕು ಎನ್ನುವವರು, ಸಮಿತಿ, ವರದಿ, ಕೋರ್ಟು. ನನ್ನ ಓಟು ಉಳಿಸಬೇಕು ಎನ್ನುವವರ ಕಡೆಗೆ. ಆದರೆ ಎರಡೂ ಕಡೆಯವರು ಗೋಡೆ, ಕಮಾನು, ಹೆಂಚಿನ ಮಾತಾಡುತ್ತಾರೆ. ಎಲೆ ಸಾಲಿನಲ್ಲಿ ಬೆಳಿಗ್ಗೆಯಿಂದ ಎಷ್ಟು ಕಟ್ಟು ಹೋಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಗೋಡೆ ಗಟ್ಟಿಯಾಗಿ ನಿಂತು ಒಳಗೆ ಕೊಳ್ಳುವವರೇ ಇಲ್ಲದಿದ್ದರೆ ಅದಕ್ಕೆ ಟಿಕೆಟ್ ಕೌಂಟರ್ ಇಟ್ಟುಬಿಡಬಹುದು.

ಫೋಟೋದವರಿಂದ ಕೆಡುಕೇ ಆಯಿತು ಎನ್ನುವಂತೆಯೂ ಇಲ್ಲ. ಆ ಅತ್ತರಿನ ಹುಡುಗನ ಅಂಗಡಿ ನಡೆಯುವುದೇ ಅವರಿಂದ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್ ಮುಂದೆ ನಿಂತಾಗ ಇದನ್ನೇ ಯೋಚಿಸುತ್ತಿದ್ದೆ. ಅರಮನೆಯ ಅಡುಗೆಮನೆಯಲ್ಲಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು. ಅಲ್ಲೂ ಎಲ್ಲರ ಕೈಯಲ್ಲಿ ಫೋನು, ಆದರೆ ಇನ್ನೊಂದು ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. ಊರಿನವರು, ಹೊರಗಿನವರು ಎನ್ನುವ ಭೇದವಿಲ್ಲದೆ ಸಿಹಿ ಎಲ್ಲರ ಮನೆಗೂ ಹೋಗುತ್ತದೆ. ಮೈಲಾರಿಯ ಕತೆಯೂ ಅದೇ, ಫೋಟೋ ತೆಗೆದವರು ಕೊನೆಗೆ ತಿಂದೇ ಎದ್ದೇಳಬೇಕು. ವೀಳ್ಯದೆಲೆಯನ್ನು ಮನೆಗೆ ಒಯ್ದು ಏನು ಮಾಡುವುದು? ಆ ಹುಡುಗಿ ಹೇಳಿದ್ದರಲ್ಲೂ ತಪ್ಪಿಲ್ಲ. ನಮ್ಮ ತಾತ ಊಟವಾದ ಮೇಲೆ ಎಲೆಯ ತೊಟ್ಟು ಮುರಿದು, ನಾರು ತೆಗೆದು, ಬೆನ್ನಿಗೆ ಸುಣ್ಣ ಸವರುತ್ತಿದ್ದರು. ಅವರ ಎಲೆತಟ್ಟೆ ಈಗ ನನ್ನ ಷೋಕೇಸಿನಲ್ಲಿದೆ, ಅದರಲ್ಲಿ ಸ್ಕೂಟರ್ ಕೀ ಇಡುತ್ತೇನೆ. ಹಬ್ಬಕ್ಕೆ ಬೇಕಾದ ಐದು ಎಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ. ಐದೆಲೆಗಾಗಿ ಮಾರ್ಕೆಟ್ಟಿಗೆ ಹೋಗಿ ಗಾಡಿ ನಿಲ್ಲಿಸಲು ಜಾಗ ಹುಡುಕುವವರು ಯಾರು?

ಹೀಗೆಲ್ಲ ಅಂದುಕೊಳ್ಳುತ್ತಲೇ, ಎಲೆಯ ಬಗ್ಗೆ ಹುಡುಗಿಗೆ ದೊಡ್ಡ ಭಾಷಣವನ್ನೂ ಬಿಗಿದೆ. ಮೈಸೂರು ವೀಳ್ಯದೆಲೆ ಅಂದರೆ ಸಾಮಾನ್ಯವಲ್ಲ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಯಂತೆ ಇದಕ್ಕೂ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನಂಜನಗೂಡು ರಸ್ತೆಯ ಆಚೀಚೆ ಎಲೆತೋಟಗಳಿದ್ದವು, ಈಗ ಬಹಳಷ್ಟು ಸೈಟಾಗಿವೆ, ಆ ಕಡೆಗೆ ಇವತ್ತಿಗೂ ಎಲೆತೋಟ ಎಂದೇ ಹೆಸರು. ಚಿಗುರೆಲೆ ಬಾಯಿಗಿಟ್ಟರೆ ಕರಗಬೇಕು. ಅವಳು ಹೂಂಗುಟ್ಟುತ್ತ ಕೇಳಿದಳು. ಆ ಕಟ್ಟು ದಿನವಿಡೀ ನಮ್ಮ ಜೊತೆ ಸುತ್ತಿತು, ಪಲಾವಿನ ಪೊಟ್ಟಣದ ಬಿಸಿ ತಾಗದಂತೆ ನನ್ನ ಬ್ಯಾಗಿನ ಇನ್ನೊಂದು ಅರೆಯಲ್ಲಿ.

ಭಾನುವಾರ ಅವಳು ಹೊರಟ ಮೇಲೆ ಅಷ್ಟೂ ಎಲೆಯನ್ನು ಕೆಳಗಿನ ಮನೆಯ ಆಂಟಿಗೆ ಕೊಟ್ಟೆ. ಎಂಬತ್ತರ ಹತ್ತಿರದ ವಯಸ್ಸು, ಮಗ ಸೊಸೆ ಎಷ್ಟು ಬೈದರೂ ಎಲೆಯಡಿಕೆ ಬಿಡದವರು. ನಾರು ಬಿಚ್ಚಿದರು, ಒಂದೆಲೆ ತೆಗೆದು ಬೆಳಕಿಗೆ ಹಿಡಿದರು, ತುದಿ ಕಚ್ಚಿ ನೋಡಿದರು.

“ಎಲ್ಲಿ ತಂದ್ಯಮ್ಮ?”

“ದೇವರಾಜ ಮಾರ್ಕೆಟ್ಟು ಆಂಟಿ. ಮೈಸೂರೆಲೆ.”

“ಇದು ಮೈಸೂರೆಲೆ ಅಂತ ಯಾರು ಹೇಳಿದ್ದು ನಿಂಗೆ? ಇಷ್ಟು ದಪ್ಪ, ಇಷ್ಟು ಖಾರ. ಎಲ್ಲಿಂದಲೋ ಲಾರೀಲಿ ಬಂದಿರೋದು.”

ನಾನು ಯೋಚನೆ ಮಾಡಿ ನೋಡಿದೆ. ಅಜ್ಜಿ ಹಾಗೆಂದು ಒಂದು ಸಲವೂ ಹೇಳಿರಲಿಲ್ಲ. ಎಲೆ ತಗೋ ಅಂದಿದ್ದರು, ಅಷ್ಟೇ. ಜಿಐ, ಪರಂಪರೆ, ಚಿಗುರು ಎಲ್ಲಾ ನಾನೇ ಸೇರಿಸಿಕೊಂಡದ್ದು. ಅಷ್ಟರಲ್ಲಿ ಆಂಟಿ ಇನ್ನೊಂದೆಲೆಗೆ ಸುಣ್ಣ ಸವರುತ್ತಿದ್ದರು.

“ಅಡಿಕೆ ಜೊತೆ ಪರವಾಗಿಲ್ಲ, ನಡೆಯುತ್ತೆ. ಮುಂದಿನ ಶನಿವಾರ ಹೋದ್ರೆ ಇನ್ನೊಂದು ಕಟ್ಟು ತಾ. ನೀನಾಗಿ ಆರಿಸಬೇಡ, ಕೆಳಗಿಂದು ಕೊಡು ಅಂತ ಕೇಳು.”