ಆಕ್ಟೇವಿಯಾ ಆರ್‌ಎಸ್‌ಗೆ ಹೊಸ ಇಂಟರ್‌ಕೂಲರ್, ಜೊತೆಗೇ ರೇಡಿಯೇಟರ್

ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್ ಹಾಕಿಸುತ್ತೇನೆ ಅಂತ ಯಾರೇ ಹೇಳಿದರೂ ನಾನು ಮೊದಲು ಕೇಳುವುದು ರೇಡಿಯೇಟರ್ ಬಗ್ಗೆ. ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ಎಂಜಿನ್ ಒಳಗೆ ಹೋಗುವ ಮೊದಲು ತಣಿಸುವುದು ಇಂಟರ್‌ಕೂಲರ್, ಎಂಜಿನ್ ನೀರನ್ನು ತಣಿಸುವುದು ರೇಡಿಯೇಟರ್. ಎರಡನ್ನೂ ತಣಿಸಲು ಸಿಗುವುದು ಹೊರಗಿನ ಒಂದೇ ಗಾಳಿ, ಅಲ್ವಾ? ಬಂಪರ್ ಜಾಲರಿಯಿಂದ ಒಳಗೆ ಬಂದ ಗಾಳಿ ಮೊದಲು ಇಂಟರ್‌ಕೂಲರ್ ದಾಟಬೇಕು, ಆಮೇಲೆ ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್, ಅಷ್ಟು ಹೊತ್ತಿಗೆ ಚೆನ್ನಾಗಿ ಬಿಸಿಯಾಗಿ ಕೊನೆಗೆ ರೇಡಿಯೇಟರ್‌ಗೆ ತಲುಪುತ್ತದೆ. ಮುಂದಿರುವುದನ್ನು ದಪ್ಪ ಮಾಡಿದಷ್ಟೂ ಹಿಂದಿರುವುದಕ್ಕೆ ಉಸಿರು ಕಟ್ಟುತ್ತದೆ. ಹಾಗಾಗಿ ನನ್ನ ಆಕ್ಟೇವಿಯಾ ಆರ್‌ಎಸ್‌ಗೆ ಎರಡನ್ನೂ ಒಟ್ಟಿಗೇ ಅಳತೆ ಹಾಕಿ ಮಾಡಿಸಿದೆ.

ಗಾಡಿ ಗೊತ್ತಿಲ್ಲದವರಿಗೆ ಒಂದು ಮಾತು. ಇದು 2004ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ. 1.8 ಲೀಟರ್ ಟರ್ಬೊ ಪೆಟ್ರೋಲ್, ಒಂದೊಂದು ಸಿಲಿಂಡರ್‌ಗೂ ಐದೈದು ವಾಲ್ವ್, 150 ಎಚ್‌ಪಿ. ಈಗ ಒಂದು ಲೀಟರಿನ ಚಿಕ್ಕ ಕಾರಲ್ಲೂ ಟರ್ಬೊ ಇರುತ್ತದೆ, ಆಗ ಈ ಗಾಡಿ ರಸ್ತೆಯಲ್ಲಿ ಹೋದರೆ ನಿಂತು ನೋಡುತ್ತಿದ್ದೆವು. ಎಂಜಿನ್ ತುಂಬಾ ಗಟ್ಟಿ. ಇದರ ಇಂಟರ್‌ಕೂಲರ್ ಮಾತ್ರ ಚಿಕ್ಕದು, ಬಂಪರ್ ಹಿಂದೆ ಒಂದು ಮೂಲೆಯಲ್ಲಿ, ಚಕ್ರದ ಮುಂದೆ ಕೂತಿರುತ್ತದೆ. ಗಾಡಿ ಹೇಗೆ ಬಂತೋ ಹಾಗೇ ಇದ್ದರೆ ಅದು ಸಾಕು. ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ, ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ಒಂದು ಬಾರ್ ಹತ್ತಿರ ತಂದರೆ ಸಾಲುವುದಿಲ್ಲ.

ಯಾಕೆ ಸಾಲುವುದಿಲ್ಲ ಅಂತ ಲೆಕ್ಕ ಹಾಕಿ ನೋಡಬಹುದು. 30 ಡಿಗ್ರಿಯಲ್ಲಿ ಟರ್ಬೊ ಒಳಗೆ ಹೋದ ಗಾಳಿಯನ್ನು ಒಂದು ಬಾರ್ ಬೂಸ್ಟ್‌ಗೆ ಒತ್ತಿದರೆ, ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್ 70% ದಕ್ಷತೆಯಲ್ಲಿ ಕೆಲಸ ಮಾಡುತ್ತದೆ ಅಂತ ಇಟ್ಟುಕೊಂಡರೂ, ಹೊರಗೆ ಬರುವಾಗ ಅದು 125 ಡಿಗ್ರಿ ಮುಟ್ಟಿರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿನ ಗಾಳಿ ತೆಳು, ಅಷ್ಟೇ ಬೂಸ್ಟ್ ಕೊಡಲು ಟರ್ಬೊ ಇನ್ನೂ ಜಾಸ್ತಿ ತಿರುಗಬೇಕು, ಆದ್ದರಿಂದ ಬಿಸಿಯೂ ಇನ್ನೊಂದಿಷ್ಟು ಜಾಸ್ತಿ. ಆ ಗಾಳಿಯನ್ನು 50 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಸುಮಾರು 23% ಹೆಚ್ಚು ಗಾಳಿ ಎಂಜಿನ್ ಒಳಗೆ ಹಿಡಿಸುತ್ತದೆ. ಪವರ್ ಮಾತು ಅಷ್ಟೇ ಅಲ್ಲ. ಬಿಸಿ ಗಾಳಿಗೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಇಂಧನ ಒಳಗೆ ತಾನಾಗಿಯೇ ಸಿಡಿಯುತ್ತದೆ. ಇಸಿಯು (ಎಂಜಿನ್ ಕಂಪ್ಯೂಟರ್) ತಕ್ಷಣ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಕಿಡಿ ತಡವಾಗಿ ಹಾರಿ ಪವರ್ ಕಮ್ಮಿಯಾಗುತ್ತದೆ. ಬೇಸಿಗೆ ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತು ಹೊರಟಾಗ ಗಾಡಿ ಸತ್ತ ಹಾಗೆ ಎಳೆಯುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಇದು.

ಬಂಪರ್ ಬಿಚ್ಚಿದ ಕೂಡಲೇ ಎಲ್ಲರಿಗೂ ಬರುವ ಯೋಚನೆ, ಹಿಂದಿರುವ ಕಬ್ಬಿಣದ ಬೀಮ್ ಕತ್ತರಿಸಿದರೆ ಎಷ್ಟು ಜಾಗ ಸಿಗುತ್ತದೆ ಅಂತ. ದಯವಿಟ್ಟು ಕತ್ತರಿಸಬೇಡಿ. ಗುದ್ದಿದಾಗ ಮೊದಲ ಪೆಟ್ಟು ತಿನ್ನುವುದು ಆ ಬೀಮ್. ನಾನು ಬೀಮ್ ಕೆಳಗೆ ಸಿಗುವ ಜಾಗವನ್ನೇ ಅಳೆದೆ: 550 ಮಿ.ಮೀ. ಅಗಲ, 180 ಎತ್ತರ, 65 ದಪ್ಪದ ಕೋರ್ (ಇಂಟರ್‌ಕೂಲರಿನಲ್ಲಿ ಗಾಳಿ ತಣಿಯುವ ನಡುಭಾಗ) ಹಿಡಿಸುತ್ತದೆ. ಎತ್ತರ ಕಮ್ಮಿ ಆಯಿತು ಅಂತ ಬೇಜಾರು ಬೇಡ, ಇದರಲ್ಲಿ ಒಂದು ಲಾಭವೂ ಇದೆ. ಕೋರ್ ಕೆಳಗಡೆ ಮಾತ್ರ ಇರುವುದರಿಂದ ರೇಡಿಯೇಟರಿನ ಮೇಲಿನ ಅರ್ಧಕ್ಕೆ ನೇರವಾಗಿ ಗಾಳಿ ಹೋಗುತ್ತದೆ.

ಕೋರ್‌ನಲ್ಲಿ ಎರಡು ಜಾತಿ. ಟ್ಯೂಬ್ ಅಂಡ್ ಫಿನ್ (ತೆಳು ಕೊಳವೆಗಳು, ನಡುವೆ ತೆಳು ತಗಡಿನ ಫಿನ್) ಹಗುರ, ಹಿಂದಿನ ರೇಡಿಯೇಟರ್‌ಗೆ ಗಾಳಿ ಸುಲಭವಾಗಿ ಬಿಡುತ್ತದೆ. ಬಾರ್ ಅಂಡ್ ಪ್ಲೇಟ್ (ದಪ್ಪ ಪಟ್ಟಿ, ತಗಡು ಜೋಡಿಸಿದ್ದು) ಭಾರ, ಆದರೆ ಬಿಸಿಯನ್ನು ಸ್ವಲ್ಪ ಹೊತ್ತು ತನ್ನಲ್ಲೇ ಹೀರಿ ಇಟ್ಟುಕೊಳ್ಳುತ್ತದೆ, ಕಲ್ಲು ಬಡಿದರೂ ಬೇಗ ಹಾಳಾಗುವುದಿಲ್ಲ. ನಮ್ಮ ರಸ್ತೆಯಲ್ಲಿ ಮುಂದಿನ ಲಾರಿ ಚಕ್ರದಿಂದ ಜಲ್ಲಿ ಹಾರುವುದು ದಿನಾ ಇದ್ದದ್ದೇ, ಅದಕ್ಕೆ ನಾನು ಎರಡನೆಯದನ್ನು ತೆಗೆದುಕೊಂಡೆ. ಟ್ರ್ಯಾಕ್‌ಗೆ ಮಾತ್ರ ಓಡಿಸುವವರು ಮೊದಲನೆಯದನ್ನು ಯೋಚಿಸಬಹುದು.

ವೆಲ್ಡಿಂಗ್ ಪೀಣ್ಯದಲ್ಲಿ. ಅಲ್ಯೂಮಿನಿಯಂ ಟಿಗ್ ವೆಲ್ಡಿಂಗ್ ಚೆನ್ನಾಗಿ ಬರುವ ಕೈ ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕರೆ ಅವರ ಮಾತು ಕೇಳಬೇಕು. ಕೋರ್‌ನ ಎರಡು ತುದಿಯಲ್ಲಿ ಪೈಪ್ ಬಂದು ಸೇರುವ ಡಬ್ಬಿಗೆ ಎಂಡ್ ಟ್ಯಾಂಕ್ ಅನ್ನುತ್ತಾರೆ. "ಅಣ್ಣ, ಎಂಡ್ ಟ್ಯಾಂಕ್ ಚೌಕ ಬೇಡ, ಗಾಳಿ ಎಲ್ಲ ಸಾಲಿಗೂ ಹೋಗೋ ಹಾಗೆ ಓರೆ ಇರಲಿ" ಅಂದೆ. "ಓರೆ ಮಾಡೋಣ ಸಾರ್, ಆದ್ರೆ ಮೊದಲು ರಟ್ಟಲ್ಲಿ ಕತ್ತರಿಸಿ ಗಾಡಿಗೆ ಇಟ್ಟು ನೋಡ್ಕೊಂಡು ಬನ್ನಿ, ತಗಡು ಕತ್ತರಿಸಿದ ಮೇಲೆ ತಾಗ್ತು ಅಂದ್ರೆ ನಾನೇನ್ ಮಾಡ್ಲಿ" ಅಂದರು. ಅವರು ಹೇಳಿದ್ದೇ ಸರಿ. ರಟ್ಟಿನ ಅಚ್ಚು ಇಟ್ಟಾಗಲೇ ಪೈಪ್ ಎಲ್ಲಿ ತಿರುಗಬೇಕು, ಹಾರ್ನ್ ಎಲ್ಲಿಗೆ ಸರಿಸಬೇಕು ಎಲ್ಲ ಗೊತ್ತಾಯಿತು. ಟ್ಯಾಂಕ್ 3 ಮಿ.ಮೀ. ತಗಡು, ಪೈಪ್ 57 ಮಿ.ಮೀ. ಇಷ್ಟು ಚಿಕ್ಕ ಟರ್ಬೊಗೆ ಅದಕ್ಕಿಂತ ದೊಡ್ಡ ಪೈಪ್ ಸುಮ್ನೆ ದಂಡ, ತುಂಬಿಸಬೇಕಾದ ಜಾಗ ಜಾಸ್ತಿಯಾಗಿ ಬೂಸ್ಟ್ ತಡವಾಗಿ ಬರುತ್ತದೆ. ಪೈಪ್ ತುದಿಗೆ ಸುತ್ತಲೂ ಒಂದು ಉಬ್ಬು ಇರಲೇಬೇಕು, ಇಲ್ಲದಿದ್ದರೆ ಎಷ್ಟೇ ಬಿಗಿದರೂ ಸಿಲಿಕಾನ್ ಹೋಸ್ ಬೂಸ್ಟ್‌ನಲ್ಲಿ ಕಳಚಿ ಬರುತ್ತದೆ. ಟಿ-ಬೋಲ್ಟ್ ಕ್ಲಾಂಪ್‌ಗಳು, ಹೋಸ್‌ಗಳು ಜೆ.ಸಿ. ರಸ್ತೆಯಲ್ಲಿ ಸಿಕ್ಕವು.

ಈಗ ರೇಡಿಯೇಟರ್. ಹಳೆಯದು ಅಲ್ಯೂಮಿನಿಯಂ ಕೋರ್, ಎರಡು ಬದಿಗೆ ಪ್ಲಾಸ್ಟಿಕ್ ಟ್ಯಾಂಕ್. ವಯಸ್ಸಾದ ಪ್ಲಾಸ್ಟಿಕ್ ಸೇರುವ ಜಾಗದಲ್ಲೇ ಬಿರುಕು ಬಿಡುತ್ತದೆ. ಹೊಸದು ಪೂರ್ತಿ ಅಲ್ಯೂಮಿನಿಯಂ. ದಪ್ಪ ಮಾಡಿಸುವ ಆಸೆ ಇಲ್ಲೂ ಬರುತ್ತದೆ, ಆದರೆ 42 ಮಿ.ಮೀ.ಗೆ ನಿಲ್ಲಿಸಿದೆ. ಅದಕ್ಕಿಂತ ದಪ್ಪವಾದರೆ ಹಿಂದಿನ ಸಾಲಿಗೆ ಸಿಗುವುದು ಆಗಲೇ ಬಿಸಿಯಾದ ಗಾಳಿ, ಮೇಲಾಗಿ ಫ್ಯಾನ್ ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ಎಂಜಿನ್‌ಗೆ ತಾಗುತ್ತದೆ. ಶ್ರೌಡ್ ತೆಗೆದು ಬರೀ ಫ್ಯಾನ್ ಕಟ್ಟಬೇಡಿ, ಟ್ರಾಫಿಕ್‌ನಲ್ಲಿ ಗಾಡಿ ಉಳಿಸುವುದೇ ಶ್ರೌಡ್. ಇನ್ನೊಂದು, ಈ ಗಾಡಿಯಲ್ಲಿ ನೀರು ಬಿಸಿಯಾದಾಗ ಫ್ಯಾನ್ ಓಡಿಸುವ ಸ್ವಿಚ್ ರೇಡಿಯೇಟರ್‌ಗೇ ತಿರುಗಿಸಿ ಕೂರಿಸಿರುತ್ತಾರೆ, ಎಂ22 x 1.5 ಥ್ರೆಡ್. ವೆಲ್ಡರ್‌ಗೆ ಹಳೆಯ ಸ್ವಿಚ್ ಕೈಯಲ್ಲಿ ಕೊಟ್ಟು, ಅದು ಕೂರುವ ಥ್ರೆಡ್ ತುಂಡನ್ನು ಅದೇ ಜಾಗದಲ್ಲಿ ಬೆಸುಗೆ ಹಾಕಿಸಬೇಕು. ಕೂರಿಸುವಾಗ ಕೆಳಗೆ, ಮೇಲೆ ರಬ್ಬರ್ ಬುಷ್ ಇರಲಿ. ನೇರ ಬೋಲ್ಟ್ ಹಾಕಿ ಬಿಗಿದರೆ ಗುಂಡಿಗೆ ಬಿದ್ದ ಪ್ರತಿಸಲ ಪೆಟ್ಟು ಬೆಸುಗೆಗೇ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಾತ್ರ ಎಲ್ಲಕ್ಕಿಂತ ಅಗ್ಗದ ಕೆಲಸ. ಗಾಳಿ ನೀರಿನ ಹಾಗೆ, ಸಂದಿ ಸಿಕ್ಕ ಕಡೆ ಜಾರಿಕೊಳ್ಳುತ್ತದೆ. ಕೋರ್‌ನ ನೂರಾರು ಚಿಕ್ಕ ಫಿನ್‌ಗಳ ನಡುವೆ ನುಗ್ಗುವ ಬದಲು ಪಕ್ಕದಿಂದ, ಮೇಲಿಂದ ಸುತ್ತಿಕೊಂಡು ಹೋಗಿಬಿಡುತ್ತದೆ. ತೆಳು ಅಲ್ಯೂಮಿನಿಯಂ ತಗಡು ಕತ್ತರಿಸಿ ಬಂಪರ್ ಜಾಲರಿಯ ಅಂಚಿನಿಂದ ಇಂಟರ್‌ಕೂಲರ್ ಅಂಚಿನವರೆಗೆ ಎರಡು ಬದಿ, ಕೆಳಗೆ ಗೋಡೆ ಕಟ್ಟಿದೆ. ಇಂಟರ್‌ಕೂಲರ್, ಕಂಡೆನ್ಸರ್, ರೇಡಿಯೇಟರ್ ನಡುವಿನ ಸಂದಿಗೆಲ್ಲ ಬಿಸಿ ತಡೆಯುವ ಫೋಮ್ ಪಟ್ಟಿ ತುಂಬಿದೆ. ಎಷ್ಟೋ ಜನ ದೊಡ್ಡ ಕೋರ್‌ಗೆ ದುಡ್ಡು ಸುರಿದು ಈ ಕೆಲಸ ಬಿಡುತ್ತಾರೆ, ಆಮೇಲೆ ಹೈವೇಯಲ್ಲೇ ಟೆಂಪರೇಚರ್ ಏರುತ್ತದೆ ಅಂತ ಇನ್ನೂ ದಪ್ಪ ರೇಡಿಯೇಟರ್ ಹುಡುಕುತ್ತಾರೆ. ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ನೀರಿನ ವಿಷಯ. ಬೋರ್‌ವೆಲ್ ನೀರು ಹಾಕಲೇಬೇಡಿ. ಆ ಗಡಸು ನೀರು ಸಣ್ಣ ಕೊಳವೆಗಳಲ್ಲಿ ಸುಣ್ಣದ ಹಾಗೆ ಕಟ್ಟಿಕೊಳ್ಳುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್ ಅರ್ಧ, ಸರಿಯಾದ ಕೂಲೆಂಟ್ ಅರ್ಧ. ಎಕ್ಸ್‌ಪಾನ್ಷನ್ ಟ್ಯಾಂಕಿನ ಮುಚ್ಚಳ ಹಳೆಯದಾಗಿದ್ದರೆ ಅದನ್ನೂ ಬದಲಿಸಿ, ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ. ಬೂಸ್ಟ್ ಪೈಪ್‌ಗಳಿಗೆ ಒಂದು ಕಡೆ ಮುಚ್ಚಿ, ಇನ್ನೊಂದು ಕಡೆ ಟ್ಯೂಬ್ ವಾಲ್ವ್ ಕೂರಿಸಿ 1.5 ಬಾರ್ ಗಾಳಿ ತುಂಬಿ ಸೋಪು ನೀರು ಹಚ್ಚಿದೆವು. ಗುಳ್ಳೆ ಬಂದ ಕಡೆ ಮತ್ತೆ ಬಿಗಿ.

ಮೀಟರ್ ಮುಳ್ಳು ನೋಡಿ ಏನನ್ನೂ ತೀರ್ಮಾನಿಸಬೇಡಿ. ಈ ಗಾಡಿಗಳಲ್ಲಿ ನೀರು 80 ಇದ್ದರೂ 100 ಇದ್ದರೂ ಮುಳ್ಳು 90ರಲ್ಲೇ ನಿಂತಿರುತ್ತದೆ. ವಿಸಿಡಿಎಸ್ (ಗಾಡಿಯ ಕಂಪ್ಯೂಟರ್ ಓದುವ ಸಾಫ್ಟ್‌ವೇರ್) ಹಾಕಿ ಲಾಗ್ ತೆಗೆಯಬೇಕು. ನನ್ನ ಲಾಗ್‌ನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಒಳಗೆ ಹೋಗುವ ಗಾಳಿ ಮೊದಲು 70 ಡಿಗ್ರಿ ದಾಟುತ್ತಿತ್ತು, ಈಗ ಹೊರಗಿನ ಬಿಸಿಗಿಂತ 15 ಡಿಗ್ರಿಯಷ್ಟು ಮೇಲೆ ಹೋಗಿ ನಿಲ್ಲುತ್ತದೆ. ಟೈಮಿಂಗ್ ಹಿಂದೆ ಎಳೆಯುವುದು ಹೆಚ್ಚುಕಮ್ಮಿ ನಿಂತಿದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಸಿ ಹಾಕಿ ನಿಂತರೂ ಫ್ಯಾನ್ ತಿರುಗಿ ನೀರು ಮತ್ತೆ 95ಕ್ಕೆ ಇಳಿಯುತ್ತದೆ.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಇನ್ನೂ ಕೊಂಡೊಯ್ದಿಲ್ಲ. ಅಲ್ಲಿನ ಬಿಸಿಲಿಗೆ ಆಯಿಲ್ ಕೂಲರ್ ಬೇಕಾಗಬಹುದು, ಅದಕ್ಕೆ ಎಡಗಡೆ ಫಾಗ್ ಲ್ಯಾಂಪ್ ಹಿಂದೆ ಜಾಗ ನೋಡಿಟ್ಟಿದ್ದೇನೆ. ಇದೇ ಮಾದರಿ ಆಕ್ಟೇವಿಯಾ ಇರುವವರಿಗೆ ರಟ್ಟಿನ ಅಚ್ಚಿನ ಅಳತೆ ಬೇಕಿದ್ದರೆ ಕೇಳಿ, ಬಿಡಿಸಿ ಕಳಿಸುತ್ತೇನೆ.