ನಮ್ಮೂರಾಗ ಶೂಟಿಂಗ್ ಮಾಡಿದ್ರ ಅಗ್ಗ ಅಲ್ಲೇನ್ರಿ?

ಬಾಗಲಕೋಟೆ, ವಿಜಯಪುರದ ಕಡೆ ಮೊದಲ ಚಿತ್ರಕ್ಕೆ ಕೈಹಾಕುವವರು ಕೇಳಿಯೇ ಕೇಳುವ ಪ್ರಶ್ನೆ. ಮನಿ ನಮ್ಮದ, ಹೊಲ ನಮ್ಮದ, ಮಂದಿ ನಮ್ಮವರ, ಮತ್ತ ಖರ್ಚು ಎಲ್ಲಿಂದ ಬರತೈತಿ?

ಶೂಟಿಂಗ್ ಮಟ್ಟಿಗೆ ಹೌದು, ಅಗ್ಗ. ಊಟ, ವಸತಿ, ಜಾಗದ ಬಾಡಿಗೆ ಮೂರರಲ್ಲೂ ಉಳಿಯುತ್ತದೆ. ಆದರೆ ಹಾಗೆ ಉಳಿದದ್ದು ಆಮೇಲೆ ಸೌಂಡಿಗೆ, ಕಾಗದಪತ್ರಕ್ಕೆ, ಮತ್ತೊಮ್ಮೆ ಮಾಡುವ ಶೂಟಿಂಗಿಗೆ ಹೋಗುತ್ತದೆ. ಮೊದಲೇ ನೋಡಿಕೊಂಡವರಿಗಷ್ಟೇ ಅದು ಕೈಯಲ್ಲಿ ನಿಲ್ಲುತ್ತದೆ.

ದೊಡ್ಡ ಸೋರಿಕೆ ಸೌಂಡಿನದು. ಊರಿನ ಮಂದಿಯನ್ನೇ ಹಾಕಿಕೊಂಡು ಮಾಡುವ ಚಿತ್ರಕ್ಕೆ ಸಿಂಕ್ ಸೌಂಡ್ (ಶೂಟಿಂಗ್ ಹೊತ್ತಿನಲ್ಲೇ ಮಾತು ರೆಕಾರ್ಡ್ ಮಾಡುವುದು) ಬಿಟ್ಟು ಬೇರೆ ದಾರಿ ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹೊಲದಲ್ಲಿ ಸಲೀಸಾಗಿ ಆಡಿದ ಮಾತನ್ನೇ ಅಜ್ಜಿ ಡಬ್ಬಿಂಗ್ ಬೂತಿನಲ್ಲಿ ಹೇಳಿದಾಗ ಸಾಲಿ ಹುಡುಗ ಪಾಠ ಒಪ್ಪಿಸಿದಂತೆ ಕೇಳುತ್ತದೆ. ಬೇರೆಯವರಿಂದ ಹೇಳಿಸಿದರೆ ಜಮಖಂಡಿಯ ಮಾತು ಹೋಗಿ, ಕಾಮಿಡಿ ಶೋನಲ್ಲಿ ಬರುವ ‘ಉತ್ತರ ಕರ್ನಾಟಕ’ ಬಂದು ಕೂರುತ್ತದೆ.

ಆದ್ದರಿಂದ ಲೊಕೇಶನ್ ನೋಡಲು ಹೋದಾಗ ಕಣ್ಣು ಮುಚ್ಚಿ ಹತ್ತು ನಿಮಿಷ ಕೂತು ಕೇಳಿ, ಅದೂ ಶೂಟಿಂಗ್ ಮಾಡುವ ಹೊತ್ತಿನಲ್ಲೇ. ರಬಕವಿ-ಬನಹಟ್ಟಿಯಲ್ಲಿ ಪಕ್ಕದ ಓಣಿಯ ಪವರ್‌ಲೂಮ್ ಸದ್ದು ಗೋಡೆ ದಾಟಿ ಬರುತ್ತದೆ. ಹಿಟ್ಟಿನ ಗಿರಣಿ, ಬೋರ್‌ವೆಲ್ ಮೋಟರು ಕರೆಂಟು ಬಂದ ಕೂಡಲೇ ಶುರು, ಹಾಗಾಗಿ ಊರಿನ ಲೈನ್‌ಮನ್ ಹತ್ತಿರ ತ್ರೀಫೇಸ್ ಯಾವ ಹೊತ್ತಿಗೆ ಎಂದು ಕೇಳಿಕೊಂಡು ಮಾತಿನ ದೃಶ್ಯ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳದ್ದೇ ದೊಡ್ಡ ಕಾಟ. ಎಂಜಿನ್ ಸದ್ದನ್ನು ಹೇಗೋ ಸಹಿಸಬಹುದು, ಆದರೆ ಅದರ ಡೆಕ್ಕಿನಲ್ಲಿ ಹಚ್ಚಿದ ಹಾಡು ಸಂಭಾಷಣೆಯ ಹಿಂದೆ ಸೇರಿಕೊಂಡರೆ ಆ ಹಾಡಿನ ಹಕ್ಕಿನ ತಕರಾರೂ ಜೊತೆಗೆ ಬರುತ್ತದೆ. ಕಾರ್ಖಾನೆಯ ದಾರಿಯಿಂದ ದೂರದ ಹೊಲ ಹಿಡಿಯಿರಿ.

ಮಣ್ಣಿನ ಮೇಲ್ಮುದ್ದೆ ಮನೆ ಮಾತಿಗೆ ಒಳ್ಳೆಯದು, ಗೋಡೆ ಸದ್ದು ಕುಡಿಯುತ್ತದೆ. ಬಾದಾಮಿ ಕಡೆಯ ಕಲ್ಲಿನ ಮನೆ, ಹೊಸ ಟೈಲ್ಸ್ ಹಾಕಿದ ಮನೆ ಎರಡೂ ಗುಂಯ್ ಎನ್ನುತ್ತವೆ. ಅದಕ್ಕೆ ಸ್ಟುಡಿಯೋ ಫೋಮ್ ಬೇಕಿಲ್ಲ. ಕ್ಯಾಮೆರಾ ಹಿಂದಿನ ಗೋಡೆಗೆ ಎರಡು ಕೌದಿ ತೂಗುಹಾಕಿ, ಫ್ರೇಮಿನ ಹೊರಗೆ ನೆಲಕ್ಕೊಂದು ಹಾಸಿ. ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕ್ ತಲೆಯಿಂದ ಒಂದೂವರೆ ಎರಡು ಅಡಿ ಮೇಲಿರಲಿ. ಇಳಕಲ್ ಸೀರೆಯ ಸೆರಗಿನೊಳಗೆ ಬಟ್ಟೆಗೆ ಹಚ್ಚುವ ಪುಟ್ಟ ಲೇಪಲ್ ಮೈಕ್ ಸಿಕ್ಕಿಸಿದರೆ ಪ್ರತಿ ಉಸಿರಿಗೂ ಸರಸರ ಬರುತ್ತದೆ, ಕೈತುಂಬ ಗಾಜಿನ ಬಳೆ ಇದ್ದರಂತೂ ಮಾತೇ ಕೇಳಿಸದು. ಕ್ಲೋಸಪ್‌ನಲ್ಲಿ ಕೈ ಕಾಣದಿದ್ದರೆ ಬಳೆ ತೆಗೆಸಿಬಿಡಿ. ರೆಕಾರ್ಡರ್ ಮೀಟರಿನಲ್ಲಿ ಧ್ವನಿ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸು ಇರಲಿ. ಪ್ರತಿ ಜಾಗದಲ್ಲಿ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಮೌನ ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗ್‌ನಲ್ಲಿ ತೇಪೆ ಹಚ್ಚಲು ಅದೇ ಬೇಕು.

ಕಂಪನಿ ನಾಟಕದ ಕಲಾವಿದರನ್ನು ಕರೆಯುವವರು ಎರಡು ಸಂಗತಿ ಗಮನಿಸಿ. ಕಡೆಯ ಸಾಲಿಗೆ ಮುಟ್ಟುವಂತೆ ಮಾತಾಡಿ ಅವರಿಗೆ ರೂಢಿ. ಎದುರಿಗಿದ್ದವರಿಗೆ ಮಾತ್ರ ಕೇಳುವಂತೆ ಹೇಳಿ ಎಂದು ತಾಲೀಮಿನಲ್ಲೇ ಬಿಡಿಸಿಕೊಳ್ಳಬೇಕು, ಸೆಟ್ಟಿನಲ್ಲಿ ಹೇಳಿದರೆ ನಟನೆಯೂ ತಗ್ಗುತ್ತದೆ. ಬನದ ಹುಣ್ಣಿಮೆಯಿಂದ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಕ್ಯಾಂಪ್ ಹಾಕಿರುತ್ತವೆ. ಆಗ ಡೇಟ್ ಕೇಳಬೇಡಿ, ಆಟ ನೋಡಿ ನಟರನ್ನು ಆರಿಸಿಕೊಳ್ಳಿ.

ಬೆಳಕಿಗೆ ಹೇಳುವುದು ಕಡಿಮೆ. ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗಿನ ದೃಶ್ಯ ಬೇಡ, ಮುಖದ ಮೇಲೆ ನೆರಳು ಕರ್ರಗೆ ಬೀಳುತ್ತದೆ, ಕ್ಯಾಮೆರಾನೂ ಕಾದು ಬಂದ್ ಆಗುತ್ತದೆ. ಮನೆಯೊಳಗೆ ಟ್ಯೂಬ್‌ಲೈಟ್ ಇದ್ದರೆ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, 1/60 ಇಟ್ಟರೆ ಚಿತ್ರ ಮಿಣುಕುತ್ತದೆ. ಹಿಂಗಾರಿ ಬಿಳಿಜೋಳ ಎಳ್ಳ ಅಮಾಸಿ ಹೊತ್ತಿಗೆ ಎತ್ತರಕ್ಕೆ ನಿಂತಿರುತ್ತದೆ, ಫೆಬ್ರುವರಿ, ಮಾರ್ಚಿನಲ್ಲಿ ಕೊಯ್ದು ಹೋಗುತ್ತದೆ. ಹೊಲದ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸದಿದ್ದರೆ ಬಿಟ್ಟುಹೋದ ಶಾಟ್ ತುಂಬುವ ಪ್ಯಾಚ್‌ವರ್ಕಿಗೆ ಬಂದಾಗ ಬರೀ ಕೂಳಿ ಸಿಗುತ್ತದೆ, ಮುಂದಿನ ವರ್ಷದವರೆಗೆ ಕಾಯಬೇಕು.

ಇನ್ನು ಕಾಗದ. ಎತ್ತಿನ ಬಂಡಿ, ಕುರಿ ಹಿಂಡು, ಮುಧೋಳ ನಾಯಿ, ಕಥೆಗಾಗಿ ಯಾವ ಪ್ರಾಣಿ ಬಳಸಿದರೂ ಶೂಟಿಂಗಿಗೆ ಮುಂಚೆಯೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಬೇಕು, ಪಶುವೈದ್ಯರ ಪ್ರಮಾಣಪತ್ರವೂ ಬೇಕು. ಮಂಡಳಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲದಿದ್ದರೆ ಸೆನ್ಸಾರ್‌ನಲ್ಲಿ ದೃಶ್ಯ ನಿಲ್ಲುತ್ತದೆ. ನಮ್ಮ ಕಡೆಯ ಚಿತ್ರಗಳು ಇಲ್ಲಿ ಮುಗ್ಗರಿಸುವುದು ಸುಲಭ, ಏಕೆಂದರೆ ಮನೆಯ ಎತ್ತಿಗೆ ಪರ್ಮಿಶನ್ ಯಾಕೆ ಎಂದು ಯಾರಿಗೂ ಅನಿಸುವುದಿಲ್ಲ. ಟಗರಿನ ಕಾಳಗ ಬರೆದಿದ್ದರೆ ಟಗರನ್ನು ತೋರಿಸದೆ ನೋಡುವವರ ಮುಖವಷ್ಟೇ ತೋರಿಸಿ. ಅಜ್ಜ ತಂಬಾಕು ತಿಕ್ಕಿದರೂ, ಬೀಡಿ ಸೇದಿದರೂ ಆ ದೃಶ್ಯದ ಕೆಳಗೆ ಎಚ್ಚರಿಕೆ ಸಾಲು, ಚಿತ್ರದ ಆರಂಭದಲ್ಲೂ ನಡುವೆಯೂ ಆರೋಗ್ಯ ಸಂದೇಶ ಕಡ್ಡಾಯ.

ಗೋಳಗುಮ್ಮಟ, ಬಾದಾಮಿ ಗುಹೆ, ಪಟ್ಟದಕಲ್ಲಿನಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಲೈಸೆನ್ಸ್ ಬೇಕು, ದಿನದ ಲೆಕ್ಕದಲ್ಲಿ ಶುಲ್ಕ. ಚಿಕ್ಕ ಬಜೆಟ್ಟಿನವರು ಹೊರಗಿನ ರಸ್ತೆಯಿಂದ ಗುಮ್ಮಟ ಕಾಣುವಂತೆ ಫ್ರೇಮ್ ಇಟ್ಟುಕೊಳ್ಳುವುದು ಜಾಣತನ. ಲೈಸೆನ್ಸ್ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಒಂದು ಪಿಸುಮಾತು ಹಲವು ಸಲ ಮಾರ್ದನಿಸುವ ಆ ಗುಮ್ಮಟದ ಕೆಳಗೆ ಸಂಭಾಷಣೆ ರೆಕಾರ್ಡ್ ಮಾಡುವ ಆಸೆ ಬಿಡಿ. ಡ್ರೋನ್ ಹಾರಿಸುವ ಮುಂಚೆ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕಾಶೆಯಲ್ಲಿ ಜಾಗದ ಬಣ್ಣ ನೋಡಿ. ಹಸಿರಿದ್ದಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಸುತ್ತ ಮಾತೇ ಬೇರೆ.

ಸರ್ಕಾರದ ಸಹಾಯಧನವನ್ನು ಬಜೆಟ್ ಹಾಳೆಯ ಜಮಾ ಕಡೆ ಬರೆಯಬೇಡಿ. ಅದು ಚಿತ್ರ ಮುಗಿದು, ಸೆನ್ಸಾರ್ ಆಗಿ, ಆಯ್ಕೆಯಾದ ಮೇಲಿನ ದುಡ್ಡು. ಸೌಂಡ್ ರೆಕಾರ್ಡಿಸ್ಟ್‌ಗೆ ಕೊಡುವ ದಿನಗೂಲಿ ಮಾತ್ರ ಖರ್ಚಿನ ಪಟ್ಟಿಯಲ್ಲಿ ಕ್ಯಾಮೆರಾ ಬಾಡಿಗೆಗಿಂತ ಮೇಲಿರಲಿ.