ತಿರುಗುವ ತೆಪ್ಪ, ಭೀಮೆಯ ಕೊರವ

ಭೀಮಾ ನದಿಯಲ್ಲಿ ಬಾಸ್ ಮೀನಿಲ್ಲ. ಅದು ಅಮೆರಿಕದ ಮೀನು. ಅಲ್ಲಿಯವರು ಒಬ್ಬರೇ ಕೂರುವ ಉದ್ದನೆಯ ಕನೂ ದೋಣಿಯಲ್ಲಿ ಹೋಗಿ ಅದಕ್ಕೆ ಗಾಳ ಹಾಕುವ ವಿಡಿಯೋ ನೋಡೋ ಚಟ ನನಗೆ. ನಮ್ಮಲ್ಲಿ ಅಷ್ಟೇ ಜೋರಾಗಿ ಹಾರಿ ಕಚ್ಚೋದು ಕೊರವ. ದೋಣಿ ಅಂದ್ರೆ ತೆಪ್ಪ. ಸಂಕ್ರಾಂತಿ ಮುಗಿದ ಮೇಲೆ ಗಾಳದ ಕೋಲು ಕಟ್ಟಿಕೊಂಡು ಕಲಬುರಗಿಯಿಂದ ಸನ್ನತಿಗೆ ಹೊರಟೆ.

ರೈಲಿನಲ್ಲಿ ಬರುವವರು ನಾಲವಾರದಲ್ಲಿ ಇಳಿಯಬೇಕು. ನಾನು ಬೈಕಿನಲ್ಲಿ ಶಹಾಬಾದ್, ವಾಡಿ ಮೇಲೆ ಹೋದೆ. ಫರ್ಸಿ ಕಲ್ಲಿನ ಗಣಿ, ಸಿಮೆಂಟ್ ಧೂಳು, ಆಮೇಲೆ ತೊಗರಿ ಹೊಲ.

ಹೊಳೆ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಕಾಕಾ ಒಬ್ಬರು ತಮ್ಮ ಸಣ್ಣ ತೆಪ್ಪ ಕೊಟ್ಟರು. ಬಿದಿರು ಸೀಳಿ ಹೆಣೆದ ಬುಟ್ಟಿ, ಅಡಿಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಬಿಸಿಲು ಏರಿದಂತೆ ಡಾಂಬರು ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ದೋಣಿಗಿರುವಂತೆ ಇದಕ್ಕೆ ಹಿಂದು ಮುಂದು ಇಲ್ಲ. ಒಂದೇ ಪಕ್ಕಕ್ಕೆ ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತದೆ, ಅಷ್ಟೇ.

"ಬಾಜೂಕ ಹಾಕಬ್ಯಾಡ್ರಿ ಸರ. ಮುಂದ ಹಾಕಿ ನೀರ ನಿಮ್ ಕಡಿಗಿ ಎಳಕೋರಿ," ಅಂದರು ಕಾಕಾ. "ಬ್ಯಾರೇಜ್ ಗೇಟಿನ ಕಡಿ ಮಾತ್ರ ಹೋಗಬ್ಯಾಡ್ರಿ."

ಹುಟ್ಟನ್ನು ಮುಂದೆ ಇಳಿಸಿ, ಆ ಕಡೆ ಈ ಕಡೆ ಆಡಿಸುತ್ತಾ ಎಳೆದರೆ ತೆಪ್ಪ ಸಾಗುತ್ತದೆ. ಕಷ್ಟ ಏನಂದ್ರೆ ಹುಟ್ಟಿಗೂ ಎರಡು ಕೈ ಬೇಕು, ಗಾಳಕ್ಕೂ ಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಟ್ಟೆ. ಲೈಫ್ ಜಾಕೆಟ್ ಹಾಕಿದ್ದೆ. ಈಜು ಬಂದರೂ ಅದಿಲ್ಲದೆ ಒಬ್ಬರೇ ಹೋಗೋದು ಬೇಡ.

ಕೊರವ ಕಿವಿರಿನ ಉಸಿರಷ್ಟನ್ನೇ ನಂಬಿ ಬದುಕುವುದಿಲ್ಲ. ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ಜೊಂಡಿನ ಅಂಚಿನಲ್ಲಿ ಗುಳುಕ್ ಅಂದ ಕಡೆ ನೋಡಿ, ಅದರಾಚೆಗೆ ರಬ್ಬರ್ ಕಪ್ಪೆ ಎಸೆದು ನಿಧಾನ ಎಳೆಯಬೇಕು. ತಲೆ ಮೇಲೇ ಬಿತ್ತೋ, ಓಡಿಹೋಗುತ್ತದೆ. ಮಳೆಗಾಲದಲ್ಲಿ ಮರಿಗಳ ಗುಂಪನ್ನು ಕಾಯುತ್ತಿರುವ ಜೋಡಿ ಕಂಡರೆ ಸುಮ್ನೆ ಬಿಟ್ಟುಬಿಡಿ. ಹಿರಿಯದು ಹೋದರೆ ಮರಿಗಳೂ ಉಳಿಯಲ್ಲ.

ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಕಪ್ಪೆ ಇದ್ದ ಜಾಗದಲ್ಲಿ ನೀರು ಸಿಡಿಯಿತು. ಕೋಲು ಬಾಗಿತು, ತೆಪ್ಪ ಮೀನು ಓಡಿದ ಕಡೆಗೇ ತಿರುಗಿತು. ಬೆಳಿಗ್ಗೆಯಿಂದ ಬೈದುಕೊಂಡಿದ್ದ ಈ ತಿರುಗಾಟವೇ ಈಗ ಕೆಲಸಕ್ಕೆ ಬಂತು. ಮೀನು ಯಾವ ಕಡೆ ಹೋದರೂ ನನ್ನ ಎದುರಿಗೇ ಇತ್ತು, ಟಂಗೂಸ ದಾರಕ್ಕೂ ಹೆಚ್ಚು ಜಗ್ಗಾಟ ಬೀಳಲಿಲ್ಲ. ಕೊರವ ಹಿಡಿಯೋಕೆ ಉದ್ದನೆಯ ದೋಣಿಗಿಂತ ಇದೇ ವಾಸಿ ಅನ್ನಿಸಿತು ನನಗೆ. ಹಾವಿನ ತಲೆ, ಕಪ್ಪು ಬೆನ್ನು, ಮೈಯೆಲ್ಲ ಲೋಳೆ. ಬುಟ್ಟಿಯೊಳಗೆ ಬಿದ್ದ ಮೇಲೂ ಎರಡು ಸಲ ಹೊರಗೆ ಹಾರಲು ನೋಡಿತು.

ದಂಡೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಚಂದ್ರಲಾಂಬಾ ಗುಡಿಗೆ ಹೋದೆ. 1986ರಲ್ಲಿ ಇಲ್ಲಿನ ಕಾಳಿಕಾ ಗುಡಿಯ ಚಾವಣಿ ಕುಸಿದಾಗಲೇ ವಿಗ್ರಹದ ಪೀಠದಲ್ಲಿ ಅಶೋಕನ ಶಾಸನ ಸಿಕ್ಕಿದ್ದು. ಹತ್ತಿರದ ಕನಗನಹಳ್ಳಿ ಸ್ತೂಪದ ಕಲ್ಲಿನಲ್ಲಿ ಅಶೋಕನ ಚಿತ್ರವೇ ಇದೆ, ಪಕ್ಕದಲ್ಲಿ 'ರಾಯೋ ಅಸೋಕೋ' ಎಂಬ ಬ್ರಾಹ್ಮಿ ಬರಹ. ಅವನ ಐದನೇ ಸ್ತಂಭಶಾಸನದಲ್ಲಿ ಹುಣ್ಣಿಮೆ, ಉಪವಾಸದ ದಿನಗಳಂದು ಮೀನು ಕೊಲ್ಲಬಾರದು, ಮಾರಬಾರದು ಅಂತಿದೆ. ಸನ್ನತಿಯ ಕಲ್ಲಿನಲ್ಲಿ ಆ ಮಾತಿಲ್ಲ.

ಸಂಜೆ ತೆಪ್ಪದ ಬಾಡಿಗೆ ಕೊಡುವಾಗ ಕಾಕಾಗೆ ಇದನ್ನು ಹೇಳಿದೆ. "ಇವತ್ತ ಹುಣ್ಣಿಮಿ ಅಲ್ಲ ಬಿಡ್ರಿ," ಅಂದು ಕೊರವ ಕೊಯ್ಯಲು ಕೂತರು.